ಕುಸಿದ ಬರೆಗೆ ಕಾಯರ್ ಮ್ಯಾಟ್: ಯಾವುದು ಕೊಳ್ಳಬೇಕು, ಎಲ್ಲಿ ಹಾಸಬೇಕು

ಕಾಯರ್ ಮ್ಯಾಟ್, ಅಂದರೆ ತೆಂಗಿನ ನಾರಿನ ಹಾಸು, ಗುಡ್ಡ ಕುಸಿಯುವುದನ್ನು ತಡೆಯುವುದಿಲ್ಲ. ಇಷ್ಟನ್ನು ತಿಳಿದು ಕೊಂಡರೆ ಇದು ಒಳ್ಳೆಯ ಸರಕು. ಮೇಲ್ಮಣ್ಣು ಎರಡು ಮೂರು ಮಳೆಗಾಲ ಜಾರದಂತೆ ಹಿಡಿದಿಡುವುದಷ್ಟೇ ಇದರ ಕೆಲಸ. ಉಳಿದದ್ದನ್ನು ಹುಲ್ಲು, ಪೊದೆ, ಮರಗಳು ಒಂದರ ಹಿಂದೊಂದು ಬಂದು ಮಾಡುತ್ತವೆ. ಮಣ್ಣು ಪ್ರತಿ ಮಳೆಗೂ ಜಾರುತ್ತಿದ್ದರೆ ಆ ಸರದಿ ಮತ್ತೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ.

2018ರಲ್ಲಿ ಕೊಡಗಿನಲ್ಲಿ ಆದಂಥ ಕುಸಿತದಲ್ಲಿ ಇಡೀ ಜಾಗ ಒಂದೇ ವೇಗದಲ್ಲಿ ಚಿಗುರುವುದಿಲ್ಲ. ಕೆಳಗೆ ರಾಶಿ ಬಿದ್ದ ಮಣ್ಣಿನಲ್ಲಿ ಹಳೆಯ ಗೊಬ್ಬರದಂಶ, ಬೇರು, ಬೀಜ ಎಲ್ಲವೂ ಸೇರಿರುತ್ತವೆ. ಅಲ್ಲಿ ಮ್ಯಾಟ್ ಹಾಸುವುದು ದುಡ್ಡು ದಂಡ. ಮೇಲೆ ಸಿಪ್ಪೆ ಸುಲಿದಂತೆ ಉಳಿದ ಕೆಂಪು ಬರೆಯಲ್ಲಿ, ಅಂದರೆ ಬೋಳು ಇಳಿಜಾರಿನಲ್ಲಿ, ಸಾರಜನಕವೂ ಇಲ್ಲ, ಸಾವಯವ ಅಂಶವೂ ಇಲ್ಲ. ಮ್ಯಾಟ್ ಬೇಕಾದದ್ದು ಅಲ್ಲಿಗೆ.

ಸಾಧಾರಣ ಇಳಿಜಾರಿಗೆ 400 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಸಾಕು, ಕಡಿದಾದ ಬರೆಗೆ 700. ಅತಿ ದಟ್ಟ ನೇಯ್ಗೆಯದು ಬೇಡ, ಮೊಳಕೆ ಮೇಲೆ ಬರಲು ತಿಣುಕುತ್ತದೆ. ಪ್ಲಾಸ್ಟಿಕ್ ಬಲೆ ಹೊಲಿದದ್ದನ್ನಂತೂ ತರಲೇಬೇಡಿ; ಕೇರೆಹಾವುಗಳು ಅದರಲ್ಲಿ ಸಿಕ್ಕಿ ಸಾಯುತ್ತವೆ. ತೂಕದಲ್ಲಿ ಮೋಸ ಆಗುವುದು ಹೆಚ್ಚಾಗಿ ತೇವದಿಂದ. ಅರ್ಧ ಮೀಟರ್ ಚೌಕದ ತುಂಡನ್ನು ಚೆನ್ನಾಗಿ ಒಣಗಿಸಿ ತೂಗಿ: 700ರ ಮ್ಯಾಟ್ ಆದರೆ ಸುಮಾರು 175 ಗ್ರಾಂ ಬರಬೇಕು. 2 ಮೀಟರ್ ಅಗಲ, 50 ಮೀಟರ್ ಉದ್ದದ ಇಂಥ ಸುರುಳಿ 70 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಭಾರ, ಆದ್ದರಿಂದ ಮಳೆ ಹಿಡಿಯುವ ಮೊದಲೇ ಮೇಲೆ ಸಾಗಿಸಿ. ಅಳತೆಗಿಂತ ಶೇ 15–20 ಹೆಚ್ಚು ತರಬೇಕು.

ಹಾಸುವಾಗ ಕೆಡುವುದೇ ಹೆಚ್ಚು. ಕಲ್ಲು, ಬೇರಿನ ತುಂಡು ತೆಗೆದು, ಕೊರಕಲು ಮುಚ್ಚಿ, ಬೀಜ ಎರಚಿ, ಆಮೇಲೆ ಮ್ಯಾಟ್. ಬರೆಯ ತಲೆಯಿಂದ ಅರ್ಧ ಮೀಟರ್ ಹಿಂದೆ ಒಂದಡಿ ಆಳದ ಚರಂಡಿ ತೋಡಿ, ಅಂಚನ್ನು ಅದರಲ್ಲಿ ಹೂತು ಮಣ್ಣು ಬಡಿಯಬೇಕು. ಅಡ್ಡಕ್ಕಲ್ಲ, ಮೇಲಿಂದ ಕೆಳಕ್ಕೇ ಬಿಚ್ಚಬೇಕು. ಪಕ್ಕದ ಮ್ಯಾಟಿನ ಮೇಲೆ 15 ಸೆಂ.ಮೀ. ಹೊದಿಕೆ, ಮೀಟರಿಗೊಂದು ಬಿದಿರಿನ ಗೂಟ. ಬಿಗಿಯಾಗಿ ಎಳೆಯಬೇಡಿ. ಎಳೆದರೆ ತಗ್ಗಿನಲ್ಲಿ ಮ್ಯಾಟ್ ಮಣ್ಣು ಬಿಟ್ಟು ಮೇಲೇಳುತ್ತದೆ, ನೀರು ಅಡಿಯಲ್ಲಿ ನುಗ್ಗುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ, ಒಳಗೆ ಕೊರಕಲು ಬೆಳೆಯುತ್ತಿರುತ್ತದೆ. ಮೊದಲ ಜೋರು ಮಳೆ ನಿಂತ ಕೂಡಲೇ ಕೈಯಿಂದ ಒತ್ತಿ ನೋಡಿ, ಟೊಳ್ಳಾದಲ್ಲಿ ಮಣ್ಣು ತುಂಬಿ ಇನ್ನೊಂದು ಗೂಟ ಹೊಡೆಯಿರಿ.

ಜೂನ್‌ನಲ್ಲಿ ಮ್ಯಾಟಿನ ಕಣ್ಣುಗಳಲ್ಲೇ ಲಾವಂಚದ ಸಸಿಗಳನ್ನು ಅಡ್ಡಸಾಲಾಗಿ, 15 ಸೆಂ.ಮೀ.ಗೊಂದರಂತೆ ನೆಡಿ. ಯೂರಿಯಾ ಸುರಿಯಬೇಡಿ, ಅದನ್ನು ಮೊದಲು ತಿನ್ನುವುದು ಯೂಪಟೋರಿಯಂ, ಮೈಕೇನಿಯಾದಂಥ ಕಳೆಗಳು. ಹಕ್ಕಿಗಳು ತರುವ ಬೀಜದಿಂದ ಉಪ್ಪಳಿಗೆ ಮರದ ಸಸಿ ತಾನಾಗಿ ಎದ್ದರೆ ಕಳೆ ಎಂದು ಕಡಿಯದಿರಿ. ಅದರ ನೆರಳಿನಲ್ಲೇ ಮುಂದಿನ ಕಾಡುಮರಗಳ ಸಸಿಗಳು ಏಳುತ್ತವೆ.

ಬರೆಯ ಮೇಲೆ ಹೊಸ ಬಿರುಕು ಕಂಡರೆ, ನಡುವೆ ನೀರು ಒಸರುತ್ತಿದ್ದರೆ ಮ್ಯಾಟ್ ತರುವ ಮೊದಲು ಭೂವಿಜ್ಞಾನ ಬಲ್ಲವರನ್ನು ಕರೆಸಿ. ಹಾಸಿದ ಮೇಲೆ ಎರಡು ವರ್ಷ ದನ ಹತ್ತದಂತೆ ಬೇಲಿ ಬೇಕು. ಗೊರಸು ಸಿಕ್ಕಿದಲ್ಲೆಲ್ಲ ಮ್ಯಾಟ್ ಹರಿಯುತ್ತದೆ.