ತಾನೇ ಹಾಕಿಕೊಳ್ಳುವ ಲಾಕ್: ಏಳು ವರ್ಷ ಬಳಸಿದ ಮೇಲೆ

ಕಾರಿನ ಬಗ್ಗೆ ನನ್ನದು ಯಾವ ದೂರೂ ಇಲ್ಲ. 2018ರಲ್ಲಿ ತಗೊಂಡಿದ್ದು. 61,000 ಕಿಲೋಮೀಟರ್ ಓಡಿದೆ. ಒಂದು ಸಲ ಕ್ಲಚ್ ಪ್ಲೇಟ್, ಒಂದು ಸೆಟ್ ಟೈರ್, ಒಂದು ಬ್ಯಾಟರಿ, ಅಷ್ಟೇ ಖರ್ಚು. ಬರೆಯಬೇಕು ಅನ್ನಿಸಿದ್ದು ಅದಕ್ಕೆ ನಾನು ಹೊರಗಡೆ ಹಾಕಿಸಿದ ರಿಮೋಟ್ ಲಾಕ್ ಕಿಟ್ ಬಗ್ಗೆ. ಕಿಟ್ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಈಗಲೂ ಬೇಸ್ ಮಾಡೆಲ್ ತಗೊಂಡು, ಅಥವಾ ಹಳೇ ಕಾರು ತಗೊಂಡು, ಇಂಥದೇ ಕಿಟ್ ಹಾಕಿಸುವವರು ತುಂಬಾ ಜನ ಇದ್ದಾರೆ. ಅವರು ಓದಲಿ ಅಂತ ಬರೆಯುತ್ತಿದ್ದೇನೆ.

ನನ್ನದು ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ, ಹಪ್ಪಳ ಮಾಡಿ ಮಾರುವ ಕೆಲಸ. ಕೈಯಲ್ಲಿದ್ದ ದುಡ್ಡಿಗೆ ಬೇಸ್ ಮಾಡೆಲ್ ಮಾತ್ರ ಬರುತ್ತಿತ್ತು. ಎಸಿ ಇತ್ತು. ಕಿಟಕಿ ಕೈಯಲ್ಲೇ ತಿರುಗಿಸಬೇಕು, ಬಾಗಿಲುಗಳಿಗೆ ಒಂದೊಂದಾಗಿ ಲಾಕ್ ಹಾಕಬೇಕು. ಎರಡು ತಿಂಗಳು ಹಾಗೇ ನಡೆಸಿದೆ. ಸಾಮಾನು ಹಿಡಿದುಕೊಂಡು ಕಾರಿನ ಸುತ್ತ ಓಡಾಡಿ ಸಾಕಾಗಿ, ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ 4,200 ರೂಪಾಯಿಗೆ ಕಿಟ್ ಹಾಕಿಸಿಕೊಂಡು ಬಂದೆ. ಎರಡು ರಿಮೋಟ್ ಕೊಟ್ಟರು. ಡಿಕ್ಕಿಗೂ ಸೇರಿಸಿ ಐದು ಮೋಟಾರ್.

ಆ ಸುಖವನ್ನು ಹೇಳಲೇಬೇಕು. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಐದೂವರೆಗೆ ಹನುಮಂತನಗರದಿಂದ ಹೊರಟು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯನ್ನು ಕೈಯಲ್ಲಿ ಮುರಿದು ನೋಡದೆ ತಗೊಳ್ಳುವುದಿಲ್ಲ. ಖಾರ ಕಮ್ಮಿ, ಬಣ್ಣ ಜಾಸ್ತಿ ಇರಬೇಕು, ಸಿಪ್ಪೆ ಸುಕ್ಕುಸುಕ್ಕಾಗಿರಬೇಕು. ಆಮೇಲೆ ಧನಿಯಾ, ಜೀರಿಗೆ, ತೊಗರಿಬೇಳೆ. ಎರಡೂ ಕೈಯಲ್ಲಿ ಚೀಲ ಹಿಡಿದು ಬರುವಾಗ ಹೆಬ್ಬೆರಳಲ್ಲಿ ರಿಮೋಟ್ ಒತ್ತಿದರೆ ಸಾಕು, ದೂರದಲ್ಲೇ ಇಂಡಿಕೇಟರ್ ಎರಡು ಸಲ ಮಿನುಗುತ್ತದೆ, ಐದು ಬಾಗಿಲೂ ಟಕ್ ಅಂತ ಬಿಡುತ್ತವೆ. ಲಾರಿಗಳು, ಹಮಾಲರು, ದೂಳು, ಕೂಗಾಟ. ಅದರ ಮಧ್ಯೆ ಕಾರು ನನ್ನನ್ನು ಗುರುತು ಹಿಡಿದ ಹಾಗೆ ಅನ್ನಿಸುತ್ತಿತ್ತು. ಕಾರಿನೊಳಗೆ ಈಗಲೂ ಹುರಿದ ಧನಿಯಾ ವಾಸನೆ ಇದೆ. ಎಷ್ಟು ತೊಳೆಸಿದರೂ ಹೋಗುವುದಿಲ್ಲ, ಹೋಗುವುದು ನನಗೆ ಬೇಕಾಗಿಯೂ ಇಲ್ಲ.

ಇನ್ನೊಂದು ಅನುಕೂಲ ಅಂಗಡಿಯವರೇ ಹೇಳಿಕೊಟ್ಟಿದ್ದರು. ರಿಮೋಟ್ ಒತ್ತಿ ಲಾಕ್ ತೆಗೆದ ಮೇಲೆ ಅರ್ಧ ನಿಮಿಷ ಯಾರೂ ಬಾಗಿಲು ತೆಗೆಯದಿದ್ದರೆ ಅದೇ ಮತ್ತೆ ಲಾಕ್ ಆಗುತ್ತದೆ. ಕೈತಪ್ಪಿ ಬಟನ್ ಒತ್ತಿದರೂ ಕಾರು ತೆರೆದುಕೊಂಡು ಬಿದ್ದಿರುವುದಿಲ್ಲ. ಹಾಗೇ ಇಗ್ನಿಷನ್ ಆನ್ ಇದ್ದು ಬಾಗಿಲು ಮುಚ್ಚಿದ್ದರೆ ಕೆಲವು ಸೆಕೆಂಡಿನಲ್ಲಿ ತಾನೇ ಲಾಕ್. ಸಿಗ್ನಲ್‌ನಲ್ಲಿ ನಿಂತಾಗ ಯಾರೂ ಬಾಗಿಲು ಎಳೆಯುವ ಹಾಗಿಲ್ಲ. ಒಬ್ಬಳೇ ಓಡಾಡುವವಳಿಗೆ ಇದು ಎಷ್ಟು ಧೈರ್ಯ ಅಂತ ಆಗ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಮೊದಲ ಪೆಟ್ಟು ಮೂರನೇ ವರ್ಷದಲ್ಲಿ, ಅದೇ ಯಾರ್ಡಿನಲ್ಲಿ ಬಿತ್ತು. ರಿಮೋಟ್ ಒತ್ತಿ ಡಿಕ್ಕಿ ಎತ್ತಿದೆ. ಮೆಣಸಿನಕಾಯಿ ಚೀಲ ಒಳಗೆ ತಳ್ಳಲು ಕೈ ಸಾಲದೆ ಕೀ ಗೊಂಚಲನ್ನು ಕೈಚೀಲಕ್ಕೆ ಹಾಕಿ, ಕೈಚೀಲವನ್ನು ಧನಿಯಾ ಮೂಟೆಯ ಮೇಲೆ ಇಟ್ಟೆ. ಚೀಲಗಳನ್ನು ಸರಿಸಿ ಜೋಡಿಸುವಷ್ಟರಲ್ಲಿ ಟಕ್ ಅಂತ ಸದ್ದಾಗಿದ್ದು ಕೇಳಿಸಿತು. ಅದು ಏನು ಅಂತ ತಲೆಗೆ ಹೋಗಲಿಲ್ಲ. ಡಿಕ್ಕಿ ಹಾಕಿದೆ. ಕೈಚೀಲ ಒಳಗೆ, ಫೋನ್ ಒಳಗೆ, ದುಡ್ಡು ಒಳಗೆ. ಮಂಡಿಯವರ ಹತ್ತಿರ ನೂರು ರೂಪಾಯಿ ಕೇಳಿ ತಗೊಂಡು, ಯಶವಂತಪುರದಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದು, ಆಟೋದಲ್ಲಿ ಮನೆಗೆ ಹೋಗಿ ಎರಡನೇ ಕೀ ತಂದೆ. ಹೋಗಿ ಬರುವುದಕ್ಕೆ ಎರಡು ಗಂಟೆ. ಅಪ್ಪ ಕೀ ಕೊಡುತ್ತಾ, "ಕೀ ಕೈಯಲ್ಲಿ ಇಲ್ಲದೆ ಬಾಗಿಲು ಹಾಕಬಾರದು ಪುಟ್ಟಿ" ಅಂದರು.

ಅಪ್ಪ ಇಪ್ಪತ್ತು ವರ್ಷ ಮಾರುತಿ 800 ಓಡಿಸಿದವರು. ಅದರಲ್ಲಿ ಡ್ರೈವರ್ ಬಾಗಿಲಿನ ನಾಬ್ ಸುಮ್ನೆ ಒತ್ತಿ ಬಾಗಿಲು ಹಾಕಿದರೆ ಲಾಕ್ ನಿಲ್ಲುತ್ತಿರಲಿಲ್ಲ. ಹೊರಗಿನ ಹಿಡಿಯನ್ನು ಎತ್ತಿ ಹಿಡಿದುಕೊಂಡೇ ಬಾಗಿಲು ಹಾಕಬೇಕಿತ್ತು, ಇಲ್ಲಾ ಹೊರಗೆ ನಿಂತು ಕೀ ತಿರುಗಿಸಬೇಕಿತ್ತು. ಚಿಕ್ಕವಳಿದ್ದಾಗ ಇದೇನು ಕಷ್ಟ ಅಂತ ಅನ್ನಿಸುತ್ತಿತ್ತು. ಲಾಕ್ ಆಗಬೇಕಾದರೆ ಮನುಷ್ಯ ಮನಸ್ಸಿಟ್ಟು ಮಾಡಲೇಬೇಕು ಅನ್ನುವ ಹಾಗೆ ಅದನ್ನು ಮಾಡಿದ್ದರು ಅಂತ ಈಗ ಅರ್ಥವಾಗುತ್ತದೆ.

ಅವತ್ತು ನಾನು ತಪ್ಪು ನನ್ನದೇ ಅಂದುಕೊಂಡೆ. ಕಿಟ್ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಇಲ್ಲಿಂದ ಮುಂದೆ ಬರೆಯುವುದು ನನಗೆ ಸುಲಭವಲ್ಲ.

ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗೈಗೆ ಶಕ್ತಿ ಕಮ್ಮಿ, ಕಿವಿ ಮೊದಲೇ ಮಂದ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿಂದ ವಾಪಸ್ ಬಂದೆವು. ಅಪ್ಪ ಹಿಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದರು. ನಮ್ಮ ರಸ್ತೆ ಇಳಿಜಾರು, ಅಗಲವೂ ಇಲ್ಲ. ಹ್ಯಾಂಡ್ ಬ್ರೇಕ್ ಹಾಕಿ, ಅಪ್ಪನಿಗೆ ಸೆಖೆ ಆಗದಿರಲಿ ಅಂತ ಎಂಜಿನ್ ಮತ್ತು ಎಸಿ ಆನ್ ಇಟ್ಟು, ಗೇಟ್ ತೆಗೆಯಲು ಇಳಿದೆ. ಹಿಂದಿನಿಂದ ಸ್ಕೂಟರ್ ಬರುತ್ತಿತ್ತು. ಬಾಗಿಲು ತೆರೆದಿಟ್ಟರೆ ತಾಗುತ್ತದೆ ಅಂತ ಹಾಕಿದೆ. ಗೇಟ್ ಚಿಲಕ ತೆಗೆದು ತಿರುಗುವಷ್ಟರಲ್ಲಿ ಟಕ್.

ಮನೆ ಕೀ ಅದೇ ಗೊಂಚಲಲ್ಲಿ. ಎರಡನೇ ಕಾರ್ ಕೀ ಬೀಗ ಹಾಕಿದ ಮನೆಯೊಳಗೆ. ಪೆಟ್ರೋಲ್ ಮುಳ್ಳು ಕೆಳಗಿನ ಗೆರೆಯ ಹತ್ತಿರ ಇದ್ದದ್ದು ನನಗೆ ಗೊತ್ತಿತ್ತು, ನಾಳೆ ಹಾಕಿಸೋಣ ಅಂತ ಬಿಟ್ಟಿದ್ದೆ. ಎಂಜಿನ್ ನಿಂತರೆ ಎಸಿ ನಿಲ್ಲುತ್ತದೆ. ಬಿಸಿಲಿಗೆ ನಿಂತ, ಗಾಜು ಮುಚ್ಚಿದ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಅದು ಪ್ರಾಣದ ಮಾತು.

ಗಾಜು ತಟ್ಟಿದೆ. ಅಪ್ಪ ನೋಡಿ ನಕ್ಕರು. ಕಿಟಕಿ ತಿರುಗಿಸುವ ಹಾಗೆ ಕೈ ಮಾಡಿ ತೋರಿಸಿದೆ. ಅರ್ಥವಾಯಿತು, ಎಡಗೈ ಹಾಕಿದರು, ಹಿಡಿ ತಿರುಗಲಿಲ್ಲ. ಬಲಗೈ ತಂದರು. ಆ ಕಿಟಕಿಯ ಹಿಡಿ ಮೊದಲಿಂದಲೂ ಬಿಗಿ, ಕೂತಲ್ಲಿಂದ ಬಲಗೈಯಲ್ಲಿ ಬಲ ಬೀಳಲಿಲ್ಲ. ಅವರ ಮುಖದಲ್ಲಿ ಗಾಬರಿ ಬಂದಿದ್ದು ಆಗ. ಎದುರು ಮನೆಯ ಹುಡುಗ ಓಡಿ ಬಂದು, ಯಾರೂ ಹೇಳದೆ ಮುಂದಿನ ಚಕ್ರದ ಕೆಳಗೆ ಕಲ್ಲು ಕೊಟ್ಟ. ಅವನ ತಾಯಿ ಒರಳಿನ ಗುಂಡುಕಲ್ಲನ್ನೇ ಎತ್ತಿಕೊಂಡು ಬಂದರು. "ಒಡೆದುಬಿಡೋಣ ಅಕ್ಕ, ಗಾಜು ತಾನೇ" ಅಂದರು.

ಒಡೆಯಲು ನಾನೂ ಸಿದ್ಧವಾಗಿದ್ದೆ. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಮಧ್ಯೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಹೊಡೆದರೆ ಬಿರುಕು ಬಿಡುತ್ತದೆ, ದಾರಿ ಆಗುವುದಿಲ್ಲ. ಪಕ್ಕದ ಕಿಟಕಿಯ ಗಾಜು ಸಣ್ಣ ಕಾಳಿನ ಹಾಗೆ ಪುಡಿಯಾಗುತ್ತದೆ. ಒಳಗಿರುವವರಿಂದ ದೂರದ ಕಿಟಕಿಯ ಮೂಲೆಗೆ ಹೊಡೆಯಬೇಕು. ಹಾಗಾಗಿ ಡ್ರೈವರ್ ಕಡೆ ಕಿಟಕಿಗೆ ಗುರಿ ಇಟ್ಟುಕೊಂಡೆವು. 112ಕ್ಕೆ ಫೋನ್ ಮಾಡಲು ಆ ತಾಯಿ ಮೊಬೈಲ್ ಕೈಗೆ ತಗೊಂಡರು. ಅಷ್ಟರಲ್ಲಿ ನನಗೆ ನಾಬ್ ನೆನಪಾಯಿತು. ಕಿಟಕಿಯ ಪಕ್ಕ ಎದ್ದು ನಿಲ್ಲುವ ಕರೀ ಕಡ್ಡಿಯಂಥ ನಾಬ್. ಅದನ್ನು ಎತ್ತಲು ಎರಡು ಬೆರಳು ಸಾಕು. ಆ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿತ್ತು. ಆದರೆ ಚೈಲ್ಡ್ ಲಾಕ್ ತಡೆಯುವುದು ಒಳಗಿನ ಹಿಡಿಯನ್ನು ಮಾತ್ರ. ನಾಬ್ ಎತ್ತಿದರೆ ಹೊರಗಿನಿಂದ ತೆಗೆಯಬಹುದು.

ಕೈಸನ್ನೆಯಲ್ಲಿ ನಾಬ್ ಅಂತ ಹೇಗೆ ಹೇಳುವುದು? ತೋರಿಸಿದಾಗಲೆಲ್ಲ ಅಪ್ಪ ಮತ್ತೆ ಕಿಟಕಿ ಹಿಡಿಗೇ ಕೈ ಹಾಕುತ್ತಿದ್ದರು. ಹುಡುಗನಿಗೆ ನೋಟ್‌ಬುಕ್ ತರಲು ಹೇಳಿದೆ. ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಬರೆದೆ: "ಅಪ್ಪಾ, ಗಾಜಿನ ಪಕ್ಕದ ಕರೀ ಕಡ್ಡಿ ಮೇಲಕ್ಕೆ ಎತ್ತಿ." ಗಾಜಿಗೆ ಒತ್ತಿ ಹಿಡಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ಪೇಪರ್ ಓದುವ ಹಾಗೆ ನಿಧಾನವಾಗಿ ಓದಿದರು. ಬಲಗೈ ಚಾಚಿದರು. ನಾಬ್ ಎದ್ದಿತು. ಅದು ಮತ್ತೆ ಇಳಿಯುವ ಮೊದಲೇ ಬಾಗಿಲು ಎಳೆದೆ. ಒಟ್ಟು ಹನ್ನೊಂದು ನಿಮಿಷ ಆಗಿತ್ತು ಅಂತ ಆಮೇಲೆ ಹುಡುಗ ಹೇಳಿದ.

ಅಪ್ಪನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಕೀ ಒಳಗೆ ಇರುವಾಗ, ಎಂಜಿನ್ ಓಡುತ್ತಿರುವಾಗ, ಓಡಿಸುವವಳು ಹೊರಗೆ ನಿಂತಿರುವಾಗ ಲಾಕ್ ಹಾಕು ಅಂತ ಅದಕ್ಕೆ ಹೇಳಿದ್ದು ಯಾರು? ಹೆಸರಿಗೆ ಇದು ಸೇಫ್ಟಿ ಅಲ್ವಾ? ಯಾರನ್ನು ಯಾರಿಂದ ಕಾಪಾಡುತ್ತಿತ್ತು?

ಕಿಟ್ ಹಾಕಿದ ಅಂಗಡಿಗೆ ಹೋದೆ. ಹೊಸ ಕಿಟ್ ಹಾಕಿಸಿ, ಇದು ಹಳೇದಾಯಿತು ಅಂದರು. ವಾಪಸ್ ಬಂದು ಶ್ರೀನಗರದ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಕಿಟ್‌ನ ಪುಟ್ಟ ಕರೀ ಡಬ್ಬಿ ಹೊರಗೆ ತೆಗೆದು, ಒಂದೊಂದೇ ವೈರ್ ಹಿಡಿದು ವಿವರಿಸಿದರು. ಬಾಗಿಲು ತೆಗೆದಾಗ ಒಳಗಿನ ದೀಪ ಹತ್ತುವುದಕ್ಕೆ ಬಾಗಿಲ ಚೌಕಟ್ಟಿನಲ್ಲಿ ರಬ್ಬರ್ ಟೋಪಿ ಹಾಕಿದ ಒಂದು ಸ್ವಿಚ್ ಇರುತ್ತದೆ. ಬಾಗಿಲು ತೆಗೆದರಾ ಇಲ್ಲವಾ ಅಂತ ಕಿಟ್‌ಗೆ ಗೊತ್ತಾಗುವುದು ಅದೊಂದರಿಂದ. ನನ್ನ ಕಾರಿನಲ್ಲಿ ಡಿಕ್ಕಿಯ ಸ್ವಿಚ್ ಅನ್ನು ಕಿಟ್‌ಗೆ ಜೋಡಿಸಿಯೇ ಇರಲಿಲ್ಲ. ಮೋಟಾರ್ ಕೊಟ್ಟಿದ್ದರು, ಕಣ್ಣು ಕೊಟ್ಟಿರಲಿಲ್ಲ. ಹಾಗಾಗಿ ಯಾರ್ಡಿನಲ್ಲಿ ನಾನು ಡಿಕ್ಕಿ ಎತ್ತಿ ಎದುರಿಗೇ ನಿಂತಿದ್ದರೂ, ಕಿಟ್ ಲೆಕ್ಕದಲ್ಲಿ ಯಾರೂ ಏನೂ ತೆಗೆದಿರಲಿಲ್ಲ. ಅರ್ಧ ನಿಮಿಷಕ್ಕೆ ಅದರ ಕೆಲಸ ಅದು ಮಾಡಿತು. ಮೂರು ವರ್ಷ ನನ್ನನ್ನೇ ಬೈದುಕೊಂಡಿದ್ದು ಒಂದು ವೈರ್ ಜೋಡಿಸದ ತಪ್ಪಿಗೆ.

ಗೇಟಿನ ಹತ್ತಿರ ಆಗಿದ್ದಕ್ಕೆ ಸ್ವಿಚ್ ಸರಿ ಇದ್ದರೂ ಉಪಯೋಗವಿಲ್ಲ. ಬಾಗಿಲು ತೆಗೆದು ಹಾಕಿದ್ದು ಕಿಟ್‌ಗೆ ಗೊತ್ತಾಗುತ್ತದೆ. ಇಳಿದವರು ಯಾರು, ಒಳಗೆ ಉಳಿದವರು ಯಾರು ಅನ್ನುವುದು ಗೊತ್ತಾಗುವುದಿಲ್ಲ. ಇಗ್ನಿಷನ್ ಆನ್ ಇದೆ, ಬಾಗಿಲು ಮುಚ್ಚಿದೆ, ಅಷ್ಟು ಸಾಕು ಅದಕ್ಕೆ. "ಇದನ್ನು ತೆಗೆದುಬಿಡಲಾ ಮೇಡಂ?" ಅಂತ ಕೇಳಿದರು. ಇಗ್ನಿಷನ್‌ನಿಂದ ಡಬ್ಬಿಗೆ ಹೋಗುವ ವೈರ್ ಕತ್ತರಿಸಿ ತುದಿಗೆ ಟೇಪ್ ಸುತ್ತಿದರು. ಡಿಕ್ಕಿ ಸ್ವಿಚ್ಚಿಗೂ ವೈರ್ ಎಳೆದರು. ಮುಕ್ಕಾಲು ಗಂಟೆ ಕೆಲಸ, 350 ರೂಪಾಯಿ. ಹಾಕಿಸಿದ ದಿನವೇ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್, ರಿವರ್ಸ್ ಸೆನ್ಸರ್, ವೇಗದ ಎಚ್ಚರಿಕೆ ಇವುಗಳ ಜೊತೆಗೆ, ಸೆಂಟ್ರಲ್ ಲಾಕ್ (ಎಲ್ಲ ಬಾಗಿಲೂ ಒಟ್ಟಿಗೆ ಬೀಳುವ ಲಾಕ್) ಇದ್ದರೆ ಅದನ್ನು ಕೈಯಿಂದ ತೆಗೆಯುವ ವ್ಯವಸ್ಥೆಯೂ ಕಡ್ಡಾಯವಾಗಿದೆ. ಕರೆಂಟ್ ಕೈಕೊಟ್ಟರೂ ಒಳಗಿದ್ದವರು ಹೊರಗೆ ಬರಬೇಕು ಅನ್ನುವುದು ಉದ್ದೇಶ. ತುಂಬಾ ಒಳ್ಳೆಯ ನಿಯಮ. ಆದರೆ ಅಪ್ಪನಂಥವರು ಅದನ್ನು ಉಪಯೋಗಿಸಬೇಕಾದರೆ ಯಾರಾದರೂ ಮೊದಲೇ ಕೈ ಹಿಡಿದು ತೋರಿಸಿರಬೇಕು. ನಾನು ತೋರಿಸಿರಲಿಲ್ಲ. ಈಗ ಕಾರಿಗೆ ಹತ್ತುವ ಎಲ್ಲರಿಗೂ ತೋರಿಸುತ್ತೇನೆ, ಅಕ್ಕನ ಆರು ವರ್ಷದ ಮೊಮ್ಮಗಳಿಗೂ.

ಈಗ ನನ್ನ ಅಭ್ಯಾಸ ಬೇರೆ. ಎಂಜಿನ್ ಆನ್ ಇಟ್ಟು ಇಳಿಯಬೇಕಾದರೆ ನನ್ನ ಕಡೆಯ ಗಾಜು ಪೂರ್ತಿ ಇಳಿಸುತ್ತೇನೆ. ಎರಡನೇ ಕೀ ಎದುರು ಮನೆಯಲ್ಲಿದೆ. ಮನೆ ಕೀಯನ್ನು ಗೊಂಚಲಿನಿಂದ ಬೇರೆ ಮಾಡಿ ಸೆರಗಿಗೆ ಸಿಕ್ಕಿಸಿಕೊಳ್ಳುತ್ತೇನೆ, ನಮ್ಮ ಅಜ್ಜಿ ಮಾಡುತ್ತಿದ್ದ ಹಾಗೆ. ಸಿಗ್ನಲ್‌ನಲ್ಲಿ ಬೇಕು ಅನ್ನಿಸಿದರೆ ನಾಬ್ ಕೈಯಲ್ಲೇ ಒತ್ತುತ್ತೇನೆ. ಕಿಟ್ ಇರುವುದರಿಂದ ಡ್ರೈವರ್ ಬಾಗಿಲ ನಾಬ್ ಒತ್ತಿದರೆ ಮಿಕ್ಕವೂ ಬೀಳುತ್ತವೆ. ಇದಕ್ಕಿಂತ ಜಾಸ್ತಿ ನನಗೆ ಬೇಕಾಗಿಲ್ಲ.

ಕಿಟ್ ತೆಗೆಸಿಬಿಡಬೇಕು ಅಂತ ಒಂದು ತಿಂಗಳು ಅನ್ನಿಸುತ್ತಿತ್ತು. ತೆಗೆಸಲಿಲ್ಲ. ಮೊನ್ನೆ ಯಾರ್ಡಿನಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ರಿಮೋಟ್ ಒತ್ತಿದಾಗ ಇಂಡಿಕೇಟರ್ ಮಿನುಗಿತು, ಆ ಸುಖ ಹಾಗೇ ಇದೆ. ನಾನು ಹೇಳಿದಾಗ ಲಾಕ್ ಆಗುತ್ತದೆ, ಹೇಳಿದಾಗ ಬಿಡುತ್ತದೆ. ಈ ರೂಪದಲ್ಲಿ 4,200 ರೂಪಾಯಿಗೆ ಇದು ಒಳ್ಳೆಯ ವಸ್ತು. ಅಂಗಡಿಯಿಂದ ಬಂದ ರೂಪದಲ್ಲಿ ಯಾರಿಗೂ ಹಾಕಿಸಿಕೊಳ್ಳಿ ಅನ್ನಲಾರೆ. ಹಾಕಿಸುವುದಿದ್ದರೆ ಅಲ್ಲೇ ನಿಂತು ಎರಡು ಮಾತು ಕೇಳಿ: ಡಿಕ್ಕಿ ಸ್ವಿಚ್ ಜೋಡಿಸಿದ್ದೀರಾ, ಇಗ್ನಿಷನ್‌ನಿಂದ ತಾನೇ ಲಾಕ್ ಆಗುವುದನ್ನು ಆಫ್ ಮಾಡಿದ್ದೀರಾ ಅಂತ. ಆಮೇಲೆ ಗಾಜು ಇಳಿಸಿಟ್ಟುಕೊಂಡು, ಇಳಿದು ಹತ್ತಿ, ಡಿಕ್ಕಿ ತೆಗೆದು ಹಾಕಿ ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಡಿ.

ಹಿಂದಿನ ಎಡಬಾಗಿಲಿನ ಮೋಟಾರ್ ಈಚೆಗೆ ಗರ್ ಅನ್ನುತ್ತಿದೆ, ಒಮ್ಮೊಮ್ಮೆ ನಾಬ್ ಅರ್ಧಕ್ಕೇ ನಿಲ್ಲುತ್ತದೆ. ಅದು ಅಪ್ಪ ಕೂರುವ ಕಡೆ. ಹೊಸ ಮೋಟಾರ್ ಹಾಕಿಸುವುದಿಲ್ಲ. ಮುಂದಿನ ತಿಂಗಳ ಸರ್ವಿಸ್‌ನಲ್ಲಿ ಆ ಒಂದು ಬಾಗಿಲಿನ ಮೋಟಾರ್ ಬಿಚ್ಚಿಸಿ, ಮೊದಲಿನ ಹಾಗೆ ಕೈಯಲ್ಲೇ ಹಾಕಿ ತೆಗೆಯುವ ಹಾಗೆ ಬಿಟ್ಟುಬಿಡುತ್ತೇನೆ.