ತುಂಬು ಗಬ್ಬದ ಹಸುವಿಗೆ ಕ್ಯಾಲ್ಸಿಯಂ ಕುಡಿಸುವ ಮುನ್ನ ಇದನ್ನೊಮ್ಮೆ ಓದಿ

ಗಬ್ಬದ ಕೊನೇ ತಿಂಗಳು ದಿನಾ ಕ್ಯಾಲ್ಸಿಯಂ ಕುಡಿಸಿದರೆ ಕರು ಹಾಕಿದ ಮೇಲೆ ಹಾಲು ಧಾರಾಳವಾಗಿ ಇಳಿಯುತ್ತೆ ಅಂತ ಯಾರಾದರೂ ಬಾಟಲಿ ಹಿಡಿದು ಬಂದರೆ ದಯವಿಟ್ಟು ನಂಬಬೇಡಿ. ನಮಗೂ ಹಾಗೇ ಹೇಳಿ ಮಾರಿದ್ದರು. ನಮ್ಮದು ಮೂರನೇ ಸೂಲಿನ ಹಸು, ಒಳ್ಳೆ ಹಾಲಿನದು. ಜೊತೆಗೆ ಕುದುರೆ ಮೆಂತೆ (ಲೂಸರ್ನ್) ಸೊಪ್ಪನ್ನೂ ಹೊಟ್ಟೆ ತುಂಬ ಹಾಕಿ ಅಂದಿದ್ದರು.

ಕರು ಸಲೀಸಾಗಿ ಬಂತು. ಮಾರನೇ ಬೆಳಿಗ್ಗೆ ಹಸುವಿನ ಹಿಂಗಾಲು ತಡವರಿಸುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ನೆಲ ಹಿಡಿಯಿತು. ಕತ್ತು ಪಕ್ಕೆಗೆ ತಿರುಗಿಸಿಕೊಂಡು ಕೂತಿದೆ, ಕಿವಿ ಮುಟ್ಟಿದರೆ ತಣ್ಣಗೆ, ಮೂತಿ ಒಣಗಿದೆ, ಸಗಣಿ ನಿಂತಿದೆ. ಹಾಲು ಜ್ವರ, ಅಂದರೆ ಕರು ಹಾಕಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದು. ಹೆಸರಲ್ಲಿ ಜ್ವರ ಇದ್ದರೂ ಇದರಲ್ಲಿ ಮೈ ಬಿಸಿ ಏರಲ್ಲ, ಇಳಿಯುತ್ತೆ. ಥರ್ಮಾಮೀಟರ್ ನೋಡಿ ನೆಮ್ಮದಿಯಾಗಿ ಕೂರಬೇಡಿ.

ಡಾಕ್ಟರು ಎದೆಬಡಿತ ಕೇಳುತ್ತಾ ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಬಿಟ್ಟರು. ಬೇಗ ಬಿಟ್ಟರೆ ಹೃದಯವೇ ನಿಲ್ಲಬಹುದಂತೆ. ಹಸು ಎದ್ದಿತು. ಆದರೆ ಕಸ (ಮಾಸು) ಬೀಳಲಿಲ್ಲ, ಗರ್ಭಕೋಶಕ್ಕೆ ಸೋಂಕಾಯಿತು, ಆ ಸೂಲಿನ ಹಾಲು ನೆಲಕಚ್ಚಿತು. ಮಾರಿದವರನ್ನು ಕೇಳಿದರೆ "ಡೋಸ್ ಸಾಲದಾಗಿರಬೇಕು" ಅನ್ನುತ್ತಾರೆ!

ಡಾಕ್ಟರು ವಿವರಿಸಿದ್ದು ಇಷ್ಟು. 10 ಲೀಟರ್ ಗಿಣ್ಣದ ಹಾಲಿನಲ್ಲಿ 20 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಹೋಗುತ್ತೆ. ಹಸುವಿನ ರಕ್ತದಲ್ಲಿ ಇರೋದು ಕೆಲವೇ ಗ್ರಾಂ. ಉಳಿದದ್ದನ್ನು ಮೂಳೆಯಿಂದ, ಕರುಳಿನಿಂದ ಎಳೆದು ಕೊಡುವುದು ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು. ಗಬ್ಬದಲ್ಲಿ ಬಾಯಿಗೆ ಕ್ಯಾಲ್ಸಿಯಂ ಸುರಿಯುತ್ತಲೇ ಇದ್ದರೆ ಆ ಗ್ರಂಥಿಗೆ ಕೆಲಸವೇ ಇಲ್ಲ. ದಿಢೀರನೆ ಬೇಕಾದಾಗ ಅದು ಚುರುಕಾಗಲು ಎರಡು ಮೂರು ದಿನ ಹಿಡಿಯುತ್ತೆ. ಕುದುರೆ ಮೆಂತೆಯಲ್ಲಿ ಕ್ಯಾಲ್ಸಿಯಂ ಜೊತೆ ಪೊಟ್ಯಾಸಿಯಂ ಕೂಡ ಜಾಸ್ತಿ, ಅದು ಆ ಹಾರ್ಮೋನಿನ ಮಾತೇ ನಡೆಯದಂತೆ ಮಾಡುತ್ತೆ.

ಹಾಗಾಗಿ ಕೊನೇ ಮೂರು ವಾರ ಕುದುರೆ ಮೆಂತೆಯಂಥ ದ್ವಿದಳ ಮೇವು ಕಡಿಮೆ ಮಾಡಿ ಜೋಳದ ಮೇವು, ಒಣ ಹುಲ್ಲು ಹೆಚ್ಚಿಸಿ. ಹಿಂಡಿಯನ್ನು ದಿನಾ ಸ್ವಲ್ಪ ಸ್ವಲ್ಪ ಏರಿಸಿ, ಒಂದೇ ಸಲ ಸುರಿದರೆ ಹೊಟ್ಟೆ ಕೆಡುತ್ತೆ. ಮೆಗ್ನೀಸಿಯಂ ಇರುವ ಖನಿಜ ಮಿಶ್ರಣ ಬೇಕು. ಆದರೆ ಹಾಲು ಕೊಡುವ ಹಸುವಿನ ಮಿಶ್ರಣವನ್ನೇ ಹಾಕಬೇಡಿ, ಅದರಲ್ಲಿ ಕ್ಯಾಲ್ಸಿಯಂ ತುಂಬಿರುತ್ತೆ. ಕ್ಯಾಲ್ಸಿಯಂ ಜೆಲ್ ಕೊಡುವುದಿದ್ದರೆ ಕರು ಹಾಕಿದ ತಕ್ಷಣ, ಅದೂ ಹಸು ಎದ್ದು ನಿಂತಿದ್ದರೆ ಮಾತ್ರ.

ನೆಲ ಹಿಡಿದ ಹಸುವಿನ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಪಕ್ಕಕ್ಕೆ ಉರುಳದಂತೆ ಹುಲ್ಲಿನ ಮೂಟೆ ಆನಿಸಿ ಎದೆ ನೆಲಕ್ಕೆ ಊರುವಂತೆ ಕೂರಿಸಿ, ಡಾಕ್ಟರಿಗೆ ಫೋನ್ ಮಾಡಿ.