ಸ್ಟಾಯ್ಕಿಯಾಮೆಟ್ರಿ: ಒಂದು ಪದ, ನಾಲ್ಕು ಥರ ಒಡೆದು ನೋಡಿದ್ದು

"ಇಸ್ಟೊಯಿಚಿಯೋಮೆಟ್ರಿ." ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತು ಎಷ್ಟು ಬೇಕು ಎಂಬ ಲೆಕ್ಕದ ಹೆಸರಾದ stoichiometryಯನ್ನು ಕಲಬುರಗಿಯ ನಮ್ಮ ಟ್ಯೂಷನ್ ಕೋಣೆಯಲ್ಲಿ ಪಿಯುಸಿ ಹುಡುಗ ಹೀಗೆ ಓದಿದಾಗ ಯಾರೂ ನಗಲಿಲ್ಲ, ಉಳಿದವರ ಬಾಯಲ್ಲೂ ಅದೇ ಇತ್ತು. ಮೊದಲಿನ 'ಇ' ನಮ್ಮ ಕಡೆಯದು, ಇಸ್ಕೂಲು ಇಸ್ಟೇಷನ್ನಿನ ತಮ್ಮ. ಅದರ ತಂಟೆಗೆ ನಾನು ಹೋಗಲಿಲ್ಲ. ಹೋಗಬೇಕಿದ್ದದ್ದು 'ಚಿ'.

ಮೊದಲು ಕನ್ನಡದಲ್ಲೇ ಬರೆಸಿದೆ: ಸ್ಟಾಯ್-ಕಿ-ಯಾ-ಮೆ-ಟ್ರಿ. ಐದು ತುಂಡು, ಇಂಗ್ಲಿಷಿನಲ್ಲೂ ಐದೇ. 'ಚಿ' ಅವತ್ತೇ ತೊಲಗಿತು. ಆದರೆ ಒತ್ತಕ್ಷರದ ಹಿಂದಿನದು ಗುರು ಎಂದು ಪ್ರಸ್ತಾರ ಹಾಕಿ ಪಳಗಿದ ಬಾಯಿ ನೋಡಿ, 'ಮೆಟ್‌ಟ್ರಿ' ಎಂದು ಗುದ್ದತೊಡಗಿತು. ಇಂಗ್ಲಿಷಿನಲ್ಲಿ ದನಿಯ ಒತ್ತು ಬೀಳುವುದು ಮೂರನೆಯ 'ಯಾ' ಮೇಲೆ. 'ಮೆ' ಬಹುತೇಕ 'ಮಿ' ಆಗಿ ಸರಿದುಹೋಗುತ್ತದೆ. "ಹಳಗನ್ನಡದ ಶಿಥಿಲದ್ವಿತ್ವ ಇದ್ದಂಗ, ತೇಲಿಸಿ ಅನ್ರಿ" ಅಂದೆ. ಅಲ್ಲಿ ಒತ್ತಕ್ಷರ ಇದ್ದರೂ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಇಬ್ಬರಿಗೆ ತಿಳಿಯಿತು, ಉಳಿದವರು ನನ್ನ ಮುಖ ನೋಡಿದರು.

ಆಮೇಲೆ ಅಮೆರಿಕನ್ ನಿಘಂಟು ತೆಗೆದೆ. ಅದರ ಚುಕ್ಕೆಗಳು ಸ್ಟಾಯ್, ಕಿ, ಆಮ್, ಎ, ಟ್ರಿ ಎಂದು ಕತ್ತರಿಸುತ್ತವೆ. ಅದನ್ನೇ ನಂಬಿ ಒಂದು ವಾರ ಪೂರ್ತಿ 'ಆಮ್' ಎಂದು ನಿಲ್ಲಿಸಿ ಹೇಳಿಸಿದೆ, ತಪ್ಪು ನನ್ನದೇ. ಆ ಚುಕ್ಕೆಗಳಿರುವುದು ಸಾಲಿನ ಕೊನೆಯಲ್ಲಿ ಪದ ಮುರಿಯಲಿಕ್ಕೆ, ನಾಲಿಗೆಗಲ್ಲ. ಪಕ್ಕದ ಉಚ್ಚಾರಣೆಯಲ್ಲಿ 'ಮ' ಮುಂದಿನ ತುಂಡಿಗೆ ಸೇರಿರುತ್ತದೆ, ಒತ್ತಿನ ಗೀಟು 'ಆ' ಮುಂದೆ ಇರುತ್ತದೆ. ಒತ್ತು ಎಲ್ಲಿ ಎಂದು ತಿಳಿಯಲು ಇದಕ್ಕಿಂತ ಖಚಿತವಾದದ್ದಿಲ್ಲ. ಆದರೆ ಮಕ್ಕಳು ಗೀಟು ನೋಡುವುದಿಲ್ಲ, ಚುಕ್ಕೆಯನ್ನೇ ನೋಡುತ್ತಾರೆ.

ಮೂರನೆಯದು ಗ್ರೀಕ್ ಬೇರು. ಸ್ಟೊಯಿಖೆಯೊನ್ ಎಂದರೆ ಮೂಲಧಾತು, ಮೆಟ್ರೊನ್ ಎಂದರೆ ಅಳತೆ. 1792ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರಿಕ್ಟರ್ ಈ ಹೆಸರು ಕಟ್ಟಿದ. 2 ಮೋಲ್ (ಕಣಗಳನ್ನು ಎಣಿಸುವ ಅಳತೆ) ಹೈಡ್ರೋಜನ್ನಿಗೆ 1 ಮೋಲ್ ಆಕ್ಸಿಜನ್ ಎಂಬ ಲೆಕ್ಕಕ್ಕೆ ಈ ಹೆಸರೇಕೆ, ಸಿ-ಎಚ್ ಕೆಮಿಸ್ಟ್ರಿಯಲ್ಲಿರುವಂತೆ ಇಲ್ಲೂ 'ಕ' ಏಕೆ, ಎರಡೂ ಒಟ್ಟಿಗೆ ಬಗೆಹರಿದವು. ಉಚ್ಚಾರ ಮಾತ್ರ ಹದಗೆಟ್ಟಿತು: 'ಸ್ಟಾಯ್ಕಿಯೋ' ಎಂದು ಉಸಿರು ತೆಗೆದುಕೊಂಡು 'ಮೆಟ್ರಿ' ಎನ್ನುವವರೇ ಎಲ್ಲ, ಬೆಂಗಳೂರಿನ ಮೆಟ್ರೋ ಹತ್ತಿದಂತೆ.

ನಾಲ್ಕನೆಯದು ನನ್ನದಲ್ಲ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಸರ, ಇದರ ಬಾಲ ಜಾಮಿಟ್ರಿ ಬಾಕ್ಸಿಂದ ಅಲ್ಲೇನ್ರಿ?" ಹೌದಲ್ಲ! ಜಿಯಾಮೆಟ್ರಿಯಲ್ಲೂ ಒತ್ತು 'ಯಾ' ಮೇಲೆಯೇ. ನಮ್ಮವರು ಅದನ್ನು 'ಜಾಮಿಟ್ರಿ' ಎಂದು ಕುಗ್ಗಿಸಿದರೂ ಭಾರವನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದಾರೆ. 'ಜಿ' ತೆಗೆದು 'ಸ್ಟಾಯ್ಕಿ' ಕೂಡಿಸಿದರೆ ಆಯಿತು. ಐದು ನಿಮಿಷದ ಕೆಲಸ.

ಈಗ ಎಲ್ಲರೂ ಸರಾಗವಾಗಿ ಅನ್ನುತ್ತಾರೆ: ಇಸ್ಟಾಯ್ಕಿಯಾಮಿಟ್ರಿ.